ಫೇಲ್ ಮಾಡಿ ಸಾರ್

"ಕೆಳಗಿನ ಸಾಲು ಓದಿ."

ಚಾಲಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರಗಳನ್ನು ಓದಿದ. ಪಟದ ತಳದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಬಿಡಲಿಲ್ಲ.

"ಕಣ್ಣು ಚೆನ್ನಾಗಿದೆ ನಿಮ್ದು," ಎಂದರು ಆರ್‌ಟಿಓ ಇನ್ಸ್‌ಪೆಕ್ಟರ್.

"ಕಣ್ಣು ಚೆನ್ನಾಗಿದೆ ಸಾರ್. ಬ್ರೇಕ್ ಚೆನ್ನಾಗಿಲ್ಲ."

ಇನ್ಸ್‌ಪೆಕ್ಟರ್ ಕೇಳಿಸಿಕೊಂಡರೋ ಇಲ್ಲವೋ, ಅಂಗಳಕ್ಕೆ ನಡೆದರು. ತಪಾಸಣೆಗೆ ಬಂದ ಲಾರಿಗಳ ಸಾಲು ಗೇಟು ದಾಟಿ ರಸ್ತೆಯವರೆಗೆ ಬೆಳೆದಿತ್ತು. ಅವರು ಹೆಡ್‌ಲೈಟ್ ಹಾಕಿಸಿದರು, ಹಾರನ್ ಒತ್ತಿಸಿದರು, ವೈಪರ್ ಆಡಿಸಿ ನೋಡಿದರು. ಹಿಂಬದಿಯ ಕೆಂಪು ಪಟ್ಟಿಯ ಒಂದು ಮೂಲೆ ಎದ್ದಿದ್ದನ್ನು ಕಂಡು ಹೆಬ್ಬೆರಳಿನಿಂದ ಒತ್ತಿ ತಾವೇ ಅಂಟಿಸಿದರು. ಬ್ರೇಕ್ ಪರೀಕ್ಷೆ ಮಾಡುವ ಯಂತ್ರ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದುಕೊಂಡು ಮಲಗಿತ್ತು.

"ಒಂದ್ಸಲ ನೀವೇ ಹತ್ತಿ ನೋಡಿ ಸಾರ್. ಲೋಡ್ ಇದ್ದಾಗ ಎಡಕ್ಕೆ ಎಳೆಯುತ್ತೆ. ನಾಳೆ ಸಿಮೆಂಟ್ ತುಂಬ್ಕೊಂಡು ಬೆಟ್ಟ ಇಳೀಬೇಕು."

"ಈಗ ಖಾಲಿ ಇದೆಯಲ್ಲ. ಖಾಲಿ ಗಾಡೀಲಿ ನನಗೇನು ಗೊತ್ತಾಗುತ್ತೆ? ಯಂತ್ರ ರಿಪೇರಿಯಾಗೋವರೆಗೆ ಕಣ್ಣಿಗೆ ಕಂಡಿದ್ದನ್ನ ನೋಡಿ ಕಳಿಸಿ ಅಂತ ಮೇಲಿನವರು ಹೇಳಿದ್ದಾರೆ." ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಎಲ್ಲರೂ ಪಾಸ್ ಮಾಡಿ ಅಂತ ಜೀವ ತಿಂತಾರೆ. ನೀವೊಬ್ಬರು ಫೇಲ್ ಮಾಡಿ ಅಂತ ತಿಂತಿದ್ದೀರಿ. ಓನರ್‌ಗೆ ಹೇಳಿ ಮಾಡಿಸ್ಕೊಳ್ರೀ."

ಹೇಳಿ ಹೇಳಿ ಅವನ ಬಾಯಿ ಸೋತಿತ್ತು. ಓನರ್ ಬೇರೆ ಯಾರೂ ಅಲ್ಲ, ಹೆಂಡತಿಯ ಅಣ್ಣ. ಮದುವೆಯಾದ ಹೊಸದರಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದವನ ಕೈಗೆ ಸ್ಟೇರಿಂಗ್ ಕೊಟ್ಟವನು. ಬ್ರೇಕಿನ ಮಾತು ಎತ್ತಿದಾಗಲೆಲ್ಲ ಭಾವ ಬೆನ್ನು ತಟ್ಟಿ, "ಈ ಟ್ರಿಪ್ ಒಂದು ಮುಗೀಲಿ ಭಾವ," ಎನ್ನುತ್ತಿದ್ದ. ಮುಗಿಯುವ ಟ್ರಿಪ್ ಯಾವುದೂ ಬರಲಿಲ್ಲ. ಸರ್ಕಾರದವರೇ ಬೇಡ ಎಂದುಬಿಟ್ಟರೆ ತನ್ನ ಬಾಯಿಂದ ಬೇಡ ಎನ್ನುವುದು ತಪ್ಪುತ್ತದೆ ಎಂದು ಅವನು ಈ ತಪಾಸಣೆಗೆ ಎಂದೂ ಇಲ್ಲದ ಹುರುಪಿನಿಂದ ಬಂದಿದ್ದ.

ಕಿಟಕಿಯೊಳಗಿನಿಂದ ಠಸ್ಸೆಯ ಸದ್ದು ಕೇಳಿತು. ಪಾಸ್.

ಅವನು ಲಾರಿಯನ್ನು ಕಾಂಪೌಂಡಿನ ಬದಿಗೆ ತಂದು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಭಾವನಿಗೆ ಫೋನ್ ಮಾಡಿದ.

"ಪಾಸ್ ಆಯ್ತಾ?"

"ಆಯ್ತು."

"ನಾನು ಹೇಳಿರಲಿಲ್ವಾ? ಸುಮ್ನೆ ಹೆದರ್ತೀರಿ. ಸೀದಾ ಲೋಡಿಂಗ್‌ಗೆ ಹೋಗಿ."

"ಬ್ರೇಕ್ ಲೈನರ್ ಬದಲಾಯಿಸೋವರೆಗೆ ನಾನು ಓಡಿಸಲ್ಲ ಭಾವ."

"ಸರಿ, ಬೇಡ. ಬೇರೆ ಡ್ರೈವರ್ ಕಳಿಸ್ತೀನಿ. ಕೀ ಅಲ್ಲೇ ವಾಚ್‌ಮನ್ ಹತ್ರ ಕೊಟ್ಟು ಮನೆಗೆ ಹೋಗಿ ಮಲಗಿ."

ಇದನ್ನು ಅವನು ಯೋಚಿಸಿರಲಿಲ್ಲ. ತಾನು ಇಳಿದರೆ ಲಾರಿ ನಿಲ್ಲುತ್ತದೆ ಎಂದುಕೊಂಡಿದ್ದ. ಗೇಟಿನ ಬಳಿ ವಾಚ್‌ಮನ್ ಆಗಲೇ ಕೈ ಚಾಚಿಕೊಂಡು ಬಂದ. ಅವನಿಗೂ ಫೋನ್ ಹೋಗಿತ್ತು. ಚಾಲಕ ಕೀಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಅವನ ಪಕ್ಕದಿಂದ ಹಾದು ಬಸ್ಸು ಹತ್ತಿದ. ಇನ್ನೊಂದು ಕೀ ಕಳೆದು ವರ್ಷಗಳಾಗಿದ್ದವು. ಅದನ್ನೂ ಈ ಟ್ರಿಪ್ ಮುಗಿದ ಮೇಲೆ ಮಾಡಿಸೋಣ ಎಂದಿದ್ದ ಭಾವ.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ವಿಷಯ ಕೇಳಿ ಮೊದಲು ಸಿಡುಕಿದಳು.

"ಅಣ್ಣನ ಜೊತೆ ಯಾಕ್ರೀ ಮಾತು ಬೆಳೆಸಿದ್ರಿ? ನಾಳೆ ನಾನು ಯಾವ ಮುಖ ಇಟ್ಕೊಂಡು ತವರಿಗೆ ಹೋಗ್ಲಿ?"

"ಹೋದ ವಾರ ಇಳಿಜಾರಲ್ಲಿ ಮುಂದೊಂದು ಶಾಲೆ ವ್ಯಾನ್ ಇತ್ತು," ಎಂದ ಅವನು. "ಪೆಡಲ್ ಮೇಲೆ ಎದ್ದು ನಿಂತ್ಕೊಂಡೆ. ನಿಲ್ಲಲಿಲ್ಲ. ಬದಿಗೆ ಮರಳು ಗುಡ್ಡೆ ಇತ್ತು, ಅದಕ್ಕೆ ಹತ್ತಿಸಿದೆ."

"ನನಗೆ ಹೇಳಲೇ ಇಲ್ಲ."

"ಯಾರಿಗೆ ಹೇಳಿ ಏನಾಗ್ತಿತ್ತು?"

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಅವಳು ಗಂಡನ ಮುಂದೆ ಕೈ ಚಾಚಿದಳು. ಅವನು ಕೀ ಕೊಟ್ಟ, ಬೇಡವೆನ್ನಲು ತ್ರಾಣವಿರಲಿಲ್ಲ.

ಅಣ್ಣ ಚಪ್ಪಲಿ ಬಿಡದೆ ಹೊಸ್ತಿಲಾಚೆಗೇ ನಿಂತಿದ್ದ. "ಕೀ ಕೊಡಮ್ಮ. ಡ್ರೈವರ್ ಕಾಯ್ತಿದ್ದಾನೆ. ಭಾವನ ಹತ್ರ ಆಮೇಲೆ ಮಾತಾಡ್ತೀನಿ."

"ಅವನಿಗೆ ಬ್ರೇಕ್ ವಿಷಯ ಹೇಳಿದ್ದೀಯಾ?"

ಅಣ್ಣ ಕೈ ಮುಂದೆ ಮಾಡಿದ.

ಅವಳು ಅಂಗೈ ಬಿಚ್ಚಿ ಕೀಯನ್ನು ಅವನ ಮುಂದೆ ಹಿಡಿದಳು. "ತಗೋ. ಆದ್ರೆ ಬೆಟ್ಟ ನೀನೇ ಇಳಿಸು ಅಣ್ಣಾ. ಅತ್ತಿಗೇನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗು."

ಅವನು ಕೀಯನ್ನು ನೋಡಿದ. ಒಳಗೆ ಕತ್ತಲಾಗುತ್ತಿದ್ದ ಕೋಣೆಯಲ್ಲಿ ತಂಗಿಯ ಗಂಡನ ಮುಖ ಕಾಣುತ್ತಿರಲಿಲ್ಲ, ಕುರ್ಚಿಯ ಅಂಚಿಗೆ ಕುಳಿತವನ ಮೊಣಕಾಲುಗಳಷ್ಟೇ ಕಂಡವು. ಬೀದಿಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.

ಅಣ್ಣ ಮೆಟ್ಟಿಲ ಮೇಲೆ ಕುಳಿತ. ಜೇಬಿನಿಂದ ಫೋನ್ ತೆಗೆದು, ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸುತ್ತ ಬಹಳ ಹೊತ್ತು ಏನನ್ನೋ ಹುಡುಕಿದ. ಕೊನೆಗೆ ಒಳಗಿನ ಕಡೆ ತಿರುಗದೆಯೇ ಕೇಳಿದ:

"ಆ ಲೈನರ್ ಹಾಕೋನು ಇನ್ನೂ ಅಂಗಡಿ ಮುಚ್ಚಿರಲ್ಲ, ಅಲ್ವಾ?"

ಅವಳು ದೀಪ ಹಾಕಿದಳು.