ನರಕದಲ್ಲಿ ಒಕಿನುವಿನ ಮುಖ

ನಾನೊಂದು ನರಕದ ಚಿತ್ರಪಟ. ಸುಮಾರು ನೂರೆಂಬತ್ತು ವರ್ಷಗಳ ಹಿಂದೆ, ಜಪಾನಿನ ಒಂದು ಸಣ್ಣ ಪೇಟೆಯಲ್ಲಿ, ಗೆನ್ಸೈ ಎಂಬ ಚಿತ್ರಗಾರ ರೇಷ್ಮೆಯ ಮೇಲೆ ನನ್ನನ್ನು ಬರೆದ. ಮೇಲೆ ಯಮರಾಯ, ಅಲ್ಲಿಯವರ ಬಾಯಲ್ಲಿ ಅವನು ಎನ್ಮ. ಕೆಳಗೆ ಕೊಂಬಿನ ರಾಕ್ಷಸರು. ಮೂಲೆಯಲ್ಲಿ, ಕೈಮುಗಿದವರನ್ನು ಮೇಲೆತ್ತಲು ಬಂದ ಬೋಧಿಸತ್ವ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ತೋಫು ಮಾರುವ ಒಕಿನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕುಬಿಟ್ಟಳು.

"ಇದೇನು ಗೆನ್ಸೈಯವರೇ, ರಾಕ್ಷಸನೋ, ಕೊಂಬು ಬಂದ ಕುಂಬಳಕಾಯಿಯೋ? ಇವನನ್ನ ನೋಡಿದ್ರೆ ಹೆದರಿಕೆ ಎಲ್ಲಿ, ಹೆಚ್ಚಿ ಸಾರು ಮಾಡೋಣ ಅನ್ಸುತ್ತೆ!"

ಬೀದಿಯೆಲ್ಲ ನಕ್ಕಿತು. ಗೆನ್ಸೈ ನಗಲಿಲ್ಲ. ಸುಳ್ಳುಗಾರರ ನಾಲಿಗೆ ಕೀಳುವ ಕಡೆ ಹೆಂಗಸೊಬ್ಬಳ ಮುಖ ಬರೆಯುವುದು ಬಾಕಿಯಿತ್ತು. ಅಲ್ಲಿ ಒಕಿನುವನ್ನೇ ಕೂರಿಸಿದ. ಅದೇ ಚಪ್ಪಟೆ ಮೂಗು, ಗಲ್ಲದ ಮೇಲೆ ಅದೇ ಮಚ್ಚೆ. ಕುಂಚ ಓಡುವಾಗ ನನಗೆ ಖುಷಿಯಾಯಿತು, ಹೇಳಿಕೊಳ್ಳಲೂ ನಾಚಿಕೆ. ಅಷ್ಟು ಜೀವವಿರುವ ಮುಖ ನನ್ನಲ್ಲಿ ಇನ್ನೊಂದಿರಲಿಲ್ಲ.

ಸತ್ತ ಹಿರಿಯರು ಮನೆಗೆ ಬರುವ ಬೊನ್ ಹಬ್ಬಕ್ಕೆ ಊರಿನ ಬೌದ್ಧ ಮಂದಿರದಲ್ಲಿ ನರಕಪಟ ತೂಗುಹಾಕಿ, ಭಿಕ್ಷು ಕೋಲು ಹಿಡಿದು ಒಂದೊಂದು ಪಾಪವನ್ನೂ ವಿವರಿಸುವುದು ಅಲ್ಲಿಯ ವಾಡಿಕೆ. ಕೋಲು ಆ ಮುಖದ ಹತ್ತಿರ ಬಂದದ್ದೇ ತಡ, ಮುದುಕಿಯೊಬ್ಬಳು ಕೂಗಿದಳು: "ಅಯ್ಯೋ, ಇವಳು ನಮ್ಮ ಒಕಿನು ಅಲ್ವೇನ್ರೇ!"

ಒಕಿನುವಿನ ಮಗಳು ಮಿತ್ಸುವನ್ನು ಸೊಸೆಯಾಗಿ ಒಪ್ಪಿಕೊಂಡಿದ್ದ ಹೆಂಗಸೂ ಅಲ್ಲೇ ಇದ್ದಳು. "ನರಕದಲ್ಲಿ ಮುಖ ಇರೋರ ಮನೆ ಹೆಣ್ಣು ನಮಗೆ ಬೇಡಮ್ಮ" ಎಂದು ಎದ್ದು ಹೋದಳು.

ಮಾರನೆಯ ದಿನ ಒಕಿನು ಒದ್ದೆ ಬಟ್ಟೆ ತಂದು ತನ್ನದೇ ಮುಖವನ್ನು ಉಜ್ಜಿದಳು, ಉಜ್ಜಿದಳು. ನಾನು ಆ ಮುಖವನ್ನು ಬಿಟ್ಟುಕೊಡಬೇಕಿತ್ತು. ಗೆನ್ಸೈ ಬೆರೆಸಿದ ಅಂಟು ಗಟ್ಟಿ, ಬಣ್ಣ ಕದಲಲಿಲ್ಲ. ಭಿಕ್ಷು ಓಡಿಬಂದ.

"ಪಟ ಮುಟ್ಟಬಾರದು ತಾಯಿ."

"ನಾನು ಹೇಳಿದ್ದು ಸುಳ್ಳಾ ಸ್ವಾಮಿ? ನೀವೇ ನೋಡಿ. ಈ ರಾಕ್ಷಸ ಕುಂಬಳಕಾಯಿ ಥರಾನೇ ಇಲ್ವಾ?"

ಭಿಕ್ಷು ನೋಡಿದ. ತುಟಿ ಕಚ್ಚಿ ನಗು ನುಂಗಿದ. ಆದರೂ ಮುಂದಿನ ಹಬ್ಬಕ್ಕೆ ನನ್ನನ್ನೇ ತೂಗುಹಾಕಿದ. ಆ ಮುಖ ನೋಡಲೆಂದೇ ಪಕ್ಕದ ಊರಿನವರೂ ಬಂದರು. ಮಿತ್ಸುವನ್ನು ಕೇಳಿಕೊಂಡು ಮಾತ್ರ ಯಾರೂ ಬರಲಿಲ್ಲ. ಕೊನೆಗೆ ತಾಯಿ ಮಗಳು ತೋಫು ತೊಟ್ಟಿ ಹೊತ್ತು ಊರು ಬಿಟ್ಟರಂತೆ.

ಮಂದಿರ ಬಿದ್ದುಹೋಗಿ, ಯಾರ್‍ಯಾರದೋ ಕೈ ದಾಟಿ, ಈಗ ನಾನು ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿದ್ದೇನೆ. ಯಮನ ಗಡ್ಡ, ಬೋಧಿಸತ್ವನ ಪಾದ, ಆ ರಾಕ್ಷಸರು, ಎಲ್ಲವನ್ನೂ ಹುಳುಗಳು ತಿಂದಿವೆ. ಮೊನ್ನೆ ನನ್ನನ್ನು ದುರಸ್ತಿ ಮಾಡಲು ಬಂದ ಹುಡುಗಿ ಭೂತಗನ್ನಡಿ ಹಿಡಿದು, "ಪುಣ್ಯ, ಈ ಹೆಂಗಸಿನ ಮುಖ ಒಂದು ಹಾಗೇ ಉಳಿದಿದೆ!" ಅಂದಳು.

ನನಗೆ ಸುರುಳಿ ಸುತ್ತಿಕೊಳ್ಳಬೇಕೆನಿಸಿತು. ಅವಳು ನನ್ನನ್ನು ಇನ್ನಷ್ಟು ಬಿಡಿಸಿ, ದೀಪ ಹತ್ತಿರ ತಂದಳು.