ತಾಮ್ರದ ಕೊಡ, ಕಡಲ ಹೂವು

ವಿಜಯಲಕ್ಷ್ಮಮ್ಮ ಸಮುದ್ರವನ್ನು ಕಂಡವರಲ್ಲ, ಕೇಳಿದವರು. ಹೊಸಪೇಟೆಯ ಮಠದಲ್ಲಿ ಮಧ್ಯಾಹ್ನದ ಪುರಾಣಕ್ಕೆ ಕಂಬಕ್ಕೊರಗಿ ಕೂತು, ಮಂದರ ಪರ್ವತ ತಿರುಗುವುದನ್ನೂ ಕಡಲು ನೊರೆಯೇಳುವುದನ್ನೂ ಚಿಕ್ಕಂದಿನಿಂದ ಕಿವಿಯಲ್ಲೇ ನೋಡಿದವರು. ಅಂಥವರ ಮನೆಯ ನಡುಮನೆಯಲ್ಲಿ ಸೊಸೆ ಮಾಧವಿ ಗಾಜಿನ ತೊಟ್ಟಿ ಇಟ್ಟು, ಪೊಟ್ಟಣದ ಉಪ್ಪು ಕರಗಿಸಿ, ಕಡಲನ್ನೇ ಕರೆತಂದಿದ್ದಳು.

ತೊಟ್ಟಿಯಲ್ಲಿ ಬಿಳಿ ಪಟ್ಟೆಯ ಕಿತ್ತಳೆ ಮೀನಿನ ಜೋಡಿ, ಒಂದು ಕೆಂಪು ಸೀಗಡಿ, ಕಲ್ಲಿಗಂಟಿದ ಬಸವನಹುಳುಗಳು. ನಡುವೆ ಕಡಲ ಹೂವು. ಹೂವೆಂದು ಕರೆದರೂ ಅದು ಪ್ರಾಣಿ. ಬೇರೆ ಮೀನು ಮುಟ್ಟಿದರೆ ಕುಟುಕುವ ಅದರ ಎಸಳುಗಳು ಕಿತ್ತಳೆ ಜೋಡಿಯನ್ನು ಮಾತ್ರ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದವು. ಹೋದ ಬೇಸಿಗೆಯಲ್ಲಿ ನೀರು ಕಾದು ತೊಟ್ಟಿಯೆಲ್ಲ ಸತ್ತಾಗ ಉಳಿದದ್ದು ಈ ಹೂವೊಂದೇ. ಮಾಧವಿ ಬೆಳಿಗ್ಗೆ ಎದ್ದವಳೇ ಮೊದಲು ಅದರ ಮುಖ ನೋಡುತ್ತಿದ್ದಳು.

ತೊಟ್ಟಿಯ ಹಿಂದೆ ಒಂದು ಕೊಳವೆ ನೀರನ್ನು ಕಡೆದು ಕಡೆದು ಕಂದು ನೊರೆಯನ್ನು ಬಟ್ಟಲಿಗೆ ಎತ್ತುತ್ತಿತ್ತು.

"ಅದು ಹೊಲಸು ತೆಗೀತದ, ಅತ್ತೆವ್ರೇ."

"ಹಂಗಾರ ಕಡೆದ್ರ ಮೊದಲು ಬರೋದು ವಿಷ ಅನ್ನೋದು ಖರೇನ!" ವಿಜಯಲಕ್ಷ್ಮಮ್ಮ ಕೊಳವೆಗೇ ಕೈಮುಗಿದಿದ್ದರು.

ಮಾಧವಿಗೆ ಗಣಿ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಈ ಬೇಸಿಗೆಯಲ್ಲಿ ಕೆಲವು ದಿನ ಸಂಡೂರಿನಲ್ಲೇ ಉಳಿಯಬೇಕಾಗಿ ಬಂತು. ಹೊರಡುವಾಗ ಅತ್ತೆಗೆ ತೊಟ್ಟಿಯ ಗೆರೆ ತೋರಿಸಿದಳು.

"ಬಿಸಿಲಿಗೆ ನೀರು ಆರ್ತದ್ರಿ, ಉಪ್ಪು ಆರಂಗಿಲ್ಲ. ಅದಕ್ಕ ಉಪ್ಪುನೀರು ಬ್ಯಾಡ. ಈ ಬಿಳಿ ಕ್ಯಾನಿನ ಶುದ್ಧ ನೀರು ಗೆರಿ ತನಕ ಹಾಕ್ರಿ. ಊಟ ಚಿಟಿಕಿ ಅಷ್ಟ. ಮದುವಿ ಮನ್ಯಾಗ ಬಡಿಸಿದಂಗ ಬಡಿಸಬ್ಯಾಡ್ರಿ ಮತ್ತ, ಉಳಿದದ್ದು ಕೊಳೀತದ."

"ನೀ ಚಿಂತಿ ಬಿಡು," ಎಂದ ಗಂಡ ಅಕ್ಷೋಭ್ಯ. "ಏಕಾದಶಿಗೆ ಮೀನಿಗೂ ಉಪವಾಸ ಹಾಕ್ತಾಳ ನಮ್ಮಮ್ಮ."

"ನೀನೂ ಒಂದಿನ ಉಪವಾಸ ಮಾಡಿದ್ರ ಹೊಟ್ಟಿ ಇಳೀತಿತ್ತು, ಸುಮ್ನಿರೋ," ಎಂದರು ತಾಯಿ.

ಕ್ಯಾನಿನ ಮುಚ್ಚಳ ತೆಗೆದರೆ ಪ್ಲಾಸ್ಟಿಕ್ಕಿನ ವಾಸನೆ. ಮನೆಗೆ ಬಂದ ಸಮುದ್ರರಾಜನಿಗೆ ಇಂಥ ಹಳಸಲು ನೀರೆ? ಯಂತ್ರೋದ್ಧಾರಕ ದೇವರ ದರ್ಶನಕ್ಕೆ ಹಂಪಿಗೆ ಹೋಗಿದ್ದ ಅಕ್ಷೋಭ್ಯ ಹೊಳೆಯ ನೀರು ತಂದಿಟ್ಟಿದ್ದ. ವಿಜಯಲಕ್ಷ್ಮಮ್ಮ ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ಫಳಫಳ ತಿಕ್ಕಿ, ಆ ನೀರು ತುಂಬಿ, ತುಳಸಿ ಹಾಕಿ, ರಾತ್ರಿಯಿಡೀ ದೇವರ ಮುಂದಿಟ್ಟರು. ಬೆಳಿಗ್ಗೆ ಗೆರೆ ಮೀರದಂತೆ ತೊಟ್ಟಿಗೆ ಎರೆದರು. ದಿನವೂ ಹಾಗೆಯೇ.

ಮೀನುಗಳು ಕುಣಿಯುತ್ತಲೇ ಇದ್ದವು. ಬಸವನಹುಳು ಅಲುಗದಿದ್ದರೆ ನಿದ್ದೆಯೆಂದುಕೊಂಡರು. ಸೀಗಡಿ ಪೊರೆ ಕಳಚುತ್ತದೆಂದು ಸೊಸೆ ಹೇಳಿದ್ದಳು. ತಳದಲ್ಲಿ ಬಿದ್ದದ್ದು ಪೊರೆಯೇ ಇರಬೇಕು.

ಮಾಧವಿ ಬಂದ ಸಂಜೆ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡಳು. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಹೂವು ಮುದುಡಿ ಮುಷ್ಟಿಯಾಗಿತ್ತು. ಅವಳ ಕಣ್ಣು ಕ್ಯಾನಿನ ಮೇಲೆ ನಿಂತಿತು.

"ಕ್ಯಾನು ತುಂಬೇ ಅದಲ್ರೀ. ಯಾವ ನೀರು ಹಾಕಿದ್ರಿ?"

ವಿಜಯಲಕ್ಷ್ಮಮ್ಮ ದೇವರ ಮನೆಯ ಕಡೆ ಕೈ ತೋರಿಸಿದರು. ಕೊಡ ಹೊಳೆಯುತ್ತಿತ್ತು. ಮಾಧವಿ ತೊಟ್ಟಿಯ ಮುಂದೆ ಕೂತು ಗಾಜಿಗೆ ಮುಖ ಹತ್ತಿರ ತಂದಳು.

"ತಾಮ್ರ ಬಿಟ್ಟದ್ರಿ ನೀರಿಗೆ. ಮೀನಿಗೆ ಜಡ್ಡು ಬಂದ್ರ ಅದನ್ನ ಔಷಧ ಅಂತ ಹಾಕ್ತಾರ. ಹುಳ, ಸೀಗಡಿ, ಹೂವಿಗೆ ಅದೇ ವಿಷ. ಹುಳ ಸತ್ತು ಕೊಳೆತಾವ, ಕೊಳೆತದ್ದು ನೀರು ಕೆಡಿಸ್ಯದ, ಆ ನೀರು ಉಳಿದವ್ರನ್ನ ಕೊಲ್ಲಾಕತ್ತದ."

"ಒಂದಽ ನೀರು," ಎಂದರು ವಿಜಯಲಕ್ಷ್ಮಮ್ಮ, ತಮಗೇ ಹೇಳಿಕೊಳ್ಳುವಂತೆ. "ಒಬ್ಬರಿಗೆ ಔಷಧ, ಒಬ್ಬರಿಗೆ ವಿಷ." ಆಮೇಲೆ ಸೆರಗು ಸಿಕ್ಕಿಸಿಕೊಂಡರು. "ನನ್ನನ್ನ ಆಮ್ಯಾಲ ಬೈಯುವಂತಿ. ಹೂವು ಉಳಿಸೋದು ಹೆಂಗ, ಹೇಳು."

ಕ್ಯಾನಿನ ನೀರನ್ನು ಪ್ಲಾಸ್ಟಿಕ್ ಟಬ್ಬಿಗೆ ಸುರಿದು, ಉಪ್ಪು ಬೆರೆಸಿ, ಮಾಧವಿ ಹದ ಅಳೆದಳು. ಹೂವನ್ನು ಕೀಳದೆ ಕಲ್ಲಿನ ಸಮೇತ ಎತ್ತಬೇಕಿತ್ತು. ವಿಜಯಲಕ್ಷ್ಮಮ್ಮ ಸಾಲಿಗ್ರಾಮ ಹಿಡಿದಂತೆ ಎರಡೂ ಕೈಯಲ್ಲಿ ಕಲ್ಲು ಹಿಡಿದು ಟಬ್ಬಿಗಿಳಿಸಿದರು. ಮೀನುಗಳನ್ನೂ ಬಿಟ್ಟು, ಗಾಳಿಯ ಕೊಳವೆ ಹಾಕುತ್ತಿದ್ದಂತೆ ಕರೆಂಟ್ ಹೋಯಿತು. ಗುಳ್ಳೆ ನಿಂತಿತು.

"ನೀರು ಅಲುಗದಿದ್ರ ಉಸಿರುಕಟ್ತದ್ರಿ!" ಮಾಧವಿ ಟಬ್ಬಿನ ಮೇಲೆ ಬಾಗಿದಳು.

ವಿಜಯಲಕ್ಷ್ಮಮ್ಮ ಅಡುಗೆಮನೆಗೆ ಹೋಗಿ, ಇನ್ನೂ ಮಜ್ಜಿಗೆ ಕಾಣದ ಹೊಸ ಕಡಗೋಲನ್ನು ತಂದರು. ಟಬ್ಬಿನ ಅಂಚಿನಲ್ಲಿ, ಹೂವಿಗೆ ತಾಗದಂತೆ, ಎರಡೂ ಅಂಗೈ ನಡುವೆ ಮೆಲ್ಲಗೆ ತಿರುಗಿಸತೊಡಗಿದರು. ನೀರು ಸುಳಿಯಿತು, ನೊರೆ ಎದ್ದಿತು. ತುಟಿಯಲ್ಲಿ ಮಠದ ಪದ್ಯ ತಾನಾಗಿ ಬಂತು. ಕೈ ಅದರ ಲಯಕ್ಕೆ ತಿರುಗಿತು. ಭುಜ ಸೋತಾಗ ಮಾಧವಿ ಹಿಡಿದಳು, ಮತ್ತೆ ಇವರು.

ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಬಂತು.

"ಬಿಡ್ರಿ ಅತ್ತೆವ್ರೇ, ಗುಳ್ಳಿ ಬಂದ್ವು."

"ಇರ್ಲಿ ತಡಿ. ಅಲ್ನೋಡು."

ಮುಷ್ಟಿಯ ಒಂದು ಬದಿಯಲ್ಲಿ ಒಂದು ಎಸಳು ಬಿಚ್ಚಿತ್ತು. ಕಿತ್ತಳೆ ಮೀನೊಂದು ಬಂದು ಅದಕ್ಕೆ ಮೈ ಒರಸಿತು. ಎಸಳು ಕುಟುಕಲಿಲ್ಲ, ಬಾಗಿ ಹಿಡಿದುಕೊಂಡಿತು.

"ಉಳೀತದೇನಽ?"

"ಗೊತ್ತಿಲ್ರಿ. ಹಿಡಕೊಂಡದಲ್ಲ," ಎಂದಳು ಮಾಧವಿ, ಕಣ್ಣೊರೆಸಿಕೊಳ್ಳುತ್ತ.

ಕಡೆಯುವಾಗ ಸಿಡಿದ ಹನಿಯೊಂದು ವಿಜಯಲಕ್ಷ್ಮಮ್ಮನ ತುಟಿಯ ಮೇಲಿತ್ತು. ನಾಲಗೆಗೆ ತಾಗಿತು. ಇಷ್ಟು ವರ್ಷ ಕೇಳಿದ್ದ ಕಡಲು ಉಪ್ಪಾಗಿತ್ತು. ಅವರು ಕಡಗೋಲು ಕೆಳಗಿಟ್ಟು, ಖಾಲಿ ಕ್ಯಾನನ್ನು ತೊಳೆಯಲು ಎತ್ತಿಕೊಂಡರು.