ಮರಿ ಸಿಕ್ಕಿತೇ

ಬೆಟ್ಟದ ನೆತ್ತಿಯ ಕಲ್ಲುಗುಪ್ಪೆಯನ್ನು ಅಗೆಯುತ್ತಾರೆಂಬ ಸುದ್ದಿ ಬಂದ ದಿನದಿಂದ ಮುದುಕ ಫೆಸ್ಟಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಡಬ್ಲಿನ್ನಿನ ಮ್ಯೂಸಿಯಮ್ಮಿನಿಂದ ಹ್ಯಾನ್ಲನ್ ಎಂಬ ಕನ್ನಡಕದ ಯುವಕ ಬಂದಿದ್ದ. ಪಕ್ಕದ ಬೆಟ್ಟದ ಗುಪ್ಪೆಯನ್ನು ಅವನು ಬೇಸಿಗೆಯಲ್ಲೇ ಬಿಚ್ಚಿ, ಸಿಕ್ಕ ಮೂಳೆಗಳಿಗೆಲ್ಲ ನಂಬರು ಬರೆದು, ಚಹಾಪುಡಿಯ ಮರದ ಪೆಟ್ಟಿಗೆಗಳಲ್ಲಿ ತುಂಬಿ ರೈಲಿಗೆ ಹಾಕಿದ್ದ. ಆ ಗುಪ್ಪೆಯೊಳಗೆ ಮಣ್ಣಾದವರು ಕ್ರಿಸ್ತ ಹುಟ್ಟುವುದಕ್ಕೂ ಎರಡು ಸಾವಿರ ವರ್ಷ ಮುಂಚಿನವರಂತೆ. ಈಗ ಈ ಬೆಟ್ಟದ ಸರದಿ. ಆಳುಗಳ ಮೇಸ್ತ್ರಿಯಾಗಿ ಅವನು ಆರಿಸಿಕೊಂಡದ್ದು ಮೈಲ್ಸನನ್ನು.

ಫೆಸ್ಟಿಯ ಎದೆಗೆ ಮುಳ್ಳು ನೆಟ್ಟದ್ದು ಅದರಿಂದಲೇ. ಮೈಲ್ಸ್ ನೆರೆಮನೆಯವನು, ಇಬ್ಬರ ಹೊಲಗಳ ನಡುವೆ ಒಂದೇ ಕಲ್ಲುಗೋಡೆ. ಆ ಗುಪ್ಪೆಯಲ್ಲಿ ಫೆಸ್ಟಿಯದೊಂದು ಗುಟ್ಟಿದೆ ಎಂದು ಜಗತ್ತಿನಲ್ಲಿ ಯಾರಾದರೂ ಊಹಿಸಬಲ್ಲವರಿದ್ದರೆ ಅದು ಮೈಲ್ಸ್ ಒಬ್ಬನೇ.

ಮೂವತ್ತೆಂಟು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಫೆಸ್ಟಿಯ ಹೆಂಡತಿ ಸಾಬಿನಾ ಒಂದು ಹೆಣ್ಣುಮಗುವನ್ನು ಹೆತ್ತಳು. ಅದು ಅಳಲೇ ಇಲ್ಲ. ಜ್ಞಾನಸ್ನಾನದ ನೀರು ತಲೆಗೆ ಬೀಳದೆ ಹೋದ ಮಗುವಿಗೆ ಇಗರ್ಜಿಯ ಮಣ್ಣಿನಲ್ಲಿ ಜಾಗವಿರಲಿಲ್ಲ. ಅದು ಕಟ್ಟಳೆ, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಫೆಸ್ಟಿಯ ಅಪ್ಪ ಒಂದು ಸಣ್ಣ ಹಲಗೆಪೆಟ್ಟಿಗೆಗೆ ಮೊಳೆ ಹೊಡೆದು ಕೊಟ್ಟು, ಮಗನ ಮುಖ ನೋಡದೆ ಹೇಳಿದ್ದ: “ಗುಪ್ಪೆಯ ಮೂಡಣ ಮಗ್ಗುಲಿಗೆ ಇಡು. ಮೇಲೊಂದು ಬಿಳಿಕಲ್ಲು ಹಾಕು. ಜಾಗ ಯಾರಿಗೂ ಹೇಳಬೇಡ, ಹೆಂಡತಿಗಂತೂ ಕೂಡದು. ಕೇಳಿದವರಿಗೆ ಮರಿ ಹುಡುಕೋಕೆ ಹೋಗಿದ್ದೆ ಅನ್ನು.”

ದೇವರ ಹೆಸರು ಕೇಳದೆ ಸತ್ತ ಹಳಬರ ಜೊತೆಗೆ, ಹೆಸರೇ ಇಲ್ಲದೆ ಸತ್ತ ಮಗಳನ್ನು ಮಲಗಿಸಿ, ಫೆಸ್ಟಿ ಬೆಳಕು ಹರಿಯುವ ಹೊತ್ತಿಗೆ ಇಳಿದು ಬಂದಿದ್ದ. ಬಿಳಿಕಲ್ಲಿಗೆ ಹುಡುಕಾಡಬೇಕಾಗಿರಲಿಲ್ಲ, ಗುಪ್ಪೆಯ ಆ ಮಗ್ಗುಲಲ್ಲಿ ಪಾಚಿ, ಹುಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬಿದ್ದೇ ಇದ್ದವು. ಅರ್ಧ ದಾರಿಯಲ್ಲಿ ಮೈಲ್ಸ್ ಎದುರಾದ.

“ಏನೋ, ಇಷ್ಟು ಬೇಗ?”

“ಕುರಿಮರಿಯೊಂದು ತಪ್ಪಿಸಿಕೊಂಡಿತ್ತು. ಹುಡುಕೋಕೆ ಹೋಗಿದ್ದೆ.”

“ಸಿಕ್ಕಿತಾ?”

ಸಿಕ್ಕಿತೆಂದರೆ ಮರಿಯೆಲ್ಲಿ ಎಂದು ಕೇಳಿಯಾನು. “ಇಲ್ಲ” ಎಂದಿದ್ದ ಫೆಸ್ಟಿ. ಮೈಲ್ಸ್ ಅವನ ಹೆಗಲ ಗುದ್ದಲಿಯನ್ನು ಒಂದು ಗಳಿಗೆ ನೋಡಿ, ಟೋಪಿ ತೆಗೆದಿದ್ದ. ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಸಾಬಿನಾಳೂ ಮರಿ ಸಿಕ್ಕಿತಾ ಎಂದೇ ಕೇಳಿದಳು. ಅವಳಿಗೂ ಇಲ್ಲವೆಂದೇ ಹೇಳಿದ. ಅವಳು ಗೋಡೆಯ ಕಡೆಗೆ ಹೊರಳಿದಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಈ ವರ್ಷದ ಫೆಬ್ರವರಿಯಲ್ಲಿ ಸಾಬಿನಾ ತೀರಿಕೊಂಡಳು.

ಅಂದು ಮೈಲ್ಸ್ ಆ ಗುದ್ದಲಿಯನ್ನು ಅಷ್ಟು ಹೊತ್ತು ನೋಡಿದ್ದೇಕೆ? ಆ ಪ್ರಶ್ನೆ ಈಗ ಫೆಸ್ಟಿಯ ತಲೆಯೊಳಗೆ ಗೆದ್ದಲಿನಂತೆ ಕೆಲಸ ಮಾಡುತ್ತಿತ್ತು. ಮೈಲ್ಸ್ ಹ್ಯಾನ್ಲನ್ನನ ಜೊತೆ ಚಹಾ ಕುಡಿದರೆ ಸಂಶಯ. ಇವನನ್ನು ಕಂಡು ಮಾತು ನಿಲ್ಲಿಸಿದರೆ ಇನ್ನೂ ಸಂಶಯ. ನಿಲ್ಲಿಸದೆ ಹವೆಯ ಬಗ್ಗೆ ಆಡಿದರೆ ಹವೆಯ ಬಗ್ಗೆ ಯಾಕೆ ಆಡುತ್ತಾನೆಂದು ಸಂಶಯ. ಜಪಸರ ಹಿಡಿದು ಕೂತರೂ ಮಣಿಮಣಿಗೂ ಚಹಾಪುಡಿಯ ಪೆಟ್ಟಿಗೆ ಕಣ್ಣೆದುರು ಬರುತ್ತಿತ್ತು.

ಅಕ್ಟೋಬರಿನ ಮೊದಲ ಭಾನುವಾರ ಪೂಜೆ ಮುಗಿದು ಗಂಡಸರೆಲ್ಲ ಇಗರ್ಜಿಯ ಗೋಡೆಗೆ ಒರಗಿ ನಿಂತಿದ್ದರು. ಮೈಲ್ಸ್ ಅಲ್ಲಿಂದಲೇ ಕೂಗಿದ: “ಫೆಸ್ಟಿ, ನಾಳೆಯಿಂದ ಶುರು. ಬರ್ತೀಯಾ? ಒಂದಾಳು ಕಮ್ಮಿ ಇದೆ.”

“ಸತ್ತವರ ಮೂಳೆ ಕೆದಕಿ ಹೊಟ್ಟೆ ಹೊರೆಯೋ ಕಾಲ ನನಗಿನ್ನೂ ಬಂದಿಲ್ಲಪ್ಪ.”

“ಎಪ್ಪತ್ತಾಯ್ತಲ್ಲೋ ನಿಂಗೆ. ಇನ್ನು ಯಾವಾಗ ಬರೋದು ಆ ಕಾಲ? ನೀನೇ ಮೂಳೆ ಆದ ಮೇಲಾ?”

ಗೋಡೆಗೆ ಒರಗಿದವರೆಲ್ಲ ನಕ್ಕರು. ಫೆಸ್ಟಿ ಬೂಟಿನ ತುದಿ ನೋಡುತ್ತ, ಏನೂ ಇಲ್ಲವೆಂಬಂತೆ ಕೇಳಿದ: “ಯಾವ ಕಡೆಯಿಂದ ಅಗೀತೀರಿ?”

“ಯಾಕೆ? ಏನಾದ್ರೂ ಬಚ್ಚಿಟ್ಟಿದ್ದೀಯಾ ಅಲ್ಲಿ?”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಫೆಸ್ಟಿಯ ಮುಖ ಕೆಂಪಾಯಿತು. ಅಲ್ಲಿಂದ ಹೊರಟುಬಿಟ್ಟ. ಆ ಸಂಜೆಯೇ ಅವನು ಒಂದು ತೀರ್ಮಾನಕ್ಕೆ ಬಂದ. ಮೈಲ್ಸ್ ತೋರಿಸಿಕೊಡುವ ಮೊದಲು ತಾನೇ ಹೋಗಿ ಮಗಳನ್ನು ಎತ್ತಿ, ಬೇರೆಲ್ಲಾದರೂ ಮಲಗಿಸಬೇಕು. ಅಷ್ಟು ವರ್ಷದ ಮೇಲೆ ಏನು ಉಳಿದಿರುತ್ತದೆಂದು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಸಾಬಿನಾಳ ಒಂದು ಬಿಳಿ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಮರುದಿನ ಹೊತ್ತು ಮೂಡುವಾಗ ಗುದ್ದಲಿ ಹೊತ್ತು ಬೆಟ್ಟ ಹತ್ತಿದ. ಜೌಗಿನ ಮೇಲೆ ಮಂಜು ಹಾಸಿತ್ತು. ಗುಪ್ಪೆಯ ಸುತ್ತ ಹ್ಯಾನ್ಲನ್ ನೆಟ್ಟ ಗೂಟಗಳು, ಗೂಟಗಳಿಗೆ ಬಿಗಿದ ದಾರ. ಮೂಡಣ ಮಗ್ಗುಲಲ್ಲಿ ಯಾರೋ ಮಂಡಿಯೂರಿದ್ದರು. ಹತ್ತಿರ ಹೋದರೆ ಮೈಲ್ಸ್.

“ಏನು ಮಾಡ್ತಿದ್ದೀಯೋ ಅಲ್ಲಿ?”

ಮೈಲ್ಸ್ ಬೆಚ್ಚಿ ತಿರುಗಿದ. ಇವನ ಮುಖವನ್ನೂ ಗುದ್ದಲಿಯನ್ನೂ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: “ಮರಿ ಹುಡುಕ್ತಾ ಇದ್ದೀನಿ.”

“ಕುರಿ ಈಯೋದು ಮಾರ್ಚಲ್ಲಿ, ಅಕ್ಟೋಬರಲ್ಲಿ ಎಂಥ ಮರಿಯೋ? ನನ್ನ ಮಾತು ನನಗೇ ಹೇಳಿ ಅಣಕಿಸ್ತೀಯಾ? ಗೊತ್ತು ನನಗೆ. ಮೂವತ್ತೆಂಟು ವರ್ಷದಿಂದ ಹೊಟ್ಟೇಲಿಟ್ಟುಕೊಂಡು ಈಗ ಆ ಕನ್ನಡಕದವನಿಗೆ ತೋರಿಸಿಕೊಡ್ತೀಯಾ! ಥೂ!”

“ಕೂಗಬೇಡ ಮಾರಾಯ. ಮಲಗಿದ್ದಾವೆ.”

ಆ ಬಹುವಚನ ಕೇಳಿ ಫೆಸ್ಟಿ ಗುದ್ದಲಿಯನ್ನು ಹೆಗಲಿಂದ ಇಳಿಸಿದ. ಮೈಲ್ಸ್ ನೆಲಕ್ಕೆ ಕೈ ತೋರಿಸಿದ. “ಇದೊಂದು, ಅದೊಂದು, ನನ್ನವು. ಆ ಉದ್ದದ ಕಲ್ಲು ನಮ್ಮ ಚಿಕ್ಕಪ್ಪನ ಮನೇದು. ಅದರಾಚೆಯವು ಯಾರ ಯಾರವೋ, ನಮ್ಮ ಅಜ್ಜಂದಿರ ಕಾಲದವು. ಅಗೋ, ಆ ಚಪ್ಪಟೆ ಕಲ್ಲು ನಿಂದು.”

ಫೆಸ್ಟಿ ನೋಡಿದ. ಇಷ್ಟು ವರ್ಷ ಬರಿಯ ಕಲ್ಲುಗಳೆಂದು ದಾಟಿಹೋದ ಬಿಳಿಕಲ್ಲುಗಳು ಇಬ್ಬನಿಯಲ್ಲಿ ನೆಂದು ಹೊಳೆಯುತ್ತಿದ್ದವು. ಇಪ್ಪತ್ತಿರಬಹುದು, ಹೆಚ್ಚೂ ಇರಬಹುದು. ಮೈಲ್ಸ್ ಗೂಟಗಳನ್ನು ಕಿತ್ತು ಒಳಗೆ ನೆಡುತ್ತಿದ್ದ. ದಾರ ಅಲ್ಲಿ ಬಾಗಿ, ಆ ಕಲ್ಲುಗಳನ್ನೆಲ್ಲ ಹೊರಗೆ ಬಿಟ್ಟು ಸಾಗಿತ್ತು.

“ನಂದು ಅಂತ ನಿಂಗೆ ಹೇಗೆ ಗೊತ್ತು?”

“ಆವತ್ತು ಸಿಕ್ಕಿತಾ ಅಂದ್ರೆ ನೀನು ಇಲ್ಲ ಅಂದೆಯಲ್ಲೋ. ನಮ್ಮೂರಲ್ಲಿ ಮರಿ ಸಿಗಲಿಲ್ಲ ಅಂದ್ರೆ ಸರಿಯಾಗಿ ಮುಚ್ಚೋಕೆ ಆಗಲಿಲ್ಲ ಅಂತ ಅರ್ಥ. ಪಾಪ, ನರಿ ಗಿರಿ ಕೆರೆದೀತು ಅಂತ ನಾನು ಓಡಿ ಬಂದೆ. ಚೆನ್ನಾಗೇ ಮುಚ್ಚಿದ್ದೆ. ಆದ್ರೂ ಇರಲಿ ಅಂತ ಕೆಳಗೆ ಎರಡು ಕಲ್ಲು ಕೊಟ್ಟೆ. ಸಿಕ್ಕಿತು ಅನ್ನಬೇಕಿತ್ತು ಕಣೋ. ನಿಮ್ಮಪ್ಪ ಅಷ್ಟೂ ಹೇಳಿಕೊಡಲಿಲ್ವಾ?”

“ಮರಿ ಹುಡುಕೋಕೆ ಹೋಗಿದ್ದೆ ಅನ್ನು ಅಂದ. ಅಷ್ಟೇ ಹೇಳಿದ.” ಫೆಸ್ಟಿ ಚಪ್ಪಟೆ ಕಲ್ಲಿನ ಕಡೆಗೆ ತಿರುಗಿದ. “ಇದು... ಹೆಂಗಸರಿಗೂ ಗೊತ್ತಾ?”

“ಆ ಮಾತು ಇರೋದೇ ಅವರಿಗಾಗಿ ಅಲ್ವೇನೋ. ಜಾಗ ಕೇಳೋ ಹಾಗಿಲ್ಲ. ಸಿಕ್ಕಿತಾ ಅಂತ ಕೇಳಬಹುದು. ಸಿಕ್ಕಿತು ಅಂದ್ರೆ ಅವರಿಗೆ ಅಷ್ಟು ಸಾಕು.”

ಫೆಸ್ಟಿ ಗುದ್ದಲಿ ಊರಿಕೊಂಡು ನೆಲಕ್ಕೆ ಕೂತ. ಫೆಬ್ರವರಿಯಲ್ಲಿ ತನ್ನ ಕೊನೆಯ ದಿನ ಸಾಬಿನಾ ಕಣ್ಣು ತೆರೆದು, “ಮರಿ ಸಿಕ್ಕಿತಾ ಫೆಸ್ಟಿ?” ಎಂದಿದ್ದಳು. ಜ್ವರಕ್ಕೆ ಬಡಬಡಿಸುತ್ತಿದ್ದಾಳೆಂದು ಅವನು ತಿಳಿದಿದ್ದ. ಮೂವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕೂತವಳು, ಮಗಳಿಗೆ ಸರಿಯಾಗಿ ಮಣ್ಣು ಸಿಗಲಿಲ್ಲವೆಂದೇ ನಂಬಿ ಬದುಕಿದಳೇ?

“ಸಾಯೋವಾಗಲೂ ಕೇಳಿದಳು ಮೈಲ್ಸ್.”

“ಏನಂದೆ?”

“ಕುರಿಗಳೆಲ್ಲ ಕೊಟ್ಟಿಗೇಲಿವೆ, ಒಂದೂ ಹೊರಗಿಲ್ಲ, ಮಲಗು ಅಂದೆ.”

ಮೈಲ್ಸ್ ಒಂದು ಗೂಟವನ್ನು ನೆಲಕ್ಕೆ ಒತ್ತಿದ. “ತಪ್ಪೇನಿಲ್ಲ” ಎಂದ. “ಅದೂ ನಡೆಯುತ್ತೆ.”

ಅವಳಿಗೆ ಅದು ಹೇಗೆ ಕೇಳಿಸಿತೋ ದೇವರೊಬ್ಬನೇ ಬಲ್ಲ.

ಅಷ್ಟರಲ್ಲಿ ಹ್ಯಾನ್ಲನ್ ಏದುಸಿರು ಬಿಡುತ್ತ ಮೇಲೆ ಬಂದ. ಬಂದವನೇ ದಾರವನ್ನು ನೋಡಿ ಹುಬ್ಬು ಗಂಟಿಕ್ಕಿದ. “ಮೈಲ್ಸ್, ನಾನು ಕಟ್ಟಿದ್ದು ಹೀಗಲ್ಲವಲ್ಲ. ಇಲ್ಲಿ ಯಾಕೆ ಒಳಗೆ ಹೋಗಿದೆ?”

“ಒರತೆ ಸಾರ್. ಅಗೆದರೆ ನೀರು ನುಗ್ಗುತ್ತೆ.”

“ಬೆಟ್ಟದ ನೆತ್ತಿ ಮೇಲೆ ಒರತೆಯೇ?” ಹ್ಯಾನ್ಲನ್ ಬಗ್ಗಿ ಪಾಚಿಯೊಳಗೆ ಬೆರಳಿಟ್ಟ; ಕೆಳಗಿನ ಮಣ್ಣು ಒಣಗಿತ್ತು. ಇಬ್ಬರು ಮುದುಕರನ್ನೂ, ಫೆಸ್ಟಿಯ ಗುದ್ದಲಿಯನ್ನೂ ಸಂಶಯದಿಂದ ನೋಡಿದ. “ಯಜಮಾನರೇ, ನೀವು ಹಿರಿಯರು. ನಿಜ ಹೇಳಿ. ಇಲ್ಲಿ ಏನಾದರೂ ತೆಗೆದಿದ್ದೀರಾ?”

ಮೈಲ್ಸ್ ಕಣ್ಣಿನಲ್ಲೇ ಬೇಡವೆಂದ. ಆದರೆ ಈ ಜಾಗದ ಬಗ್ಗೆ ಒಂದು ಸುಳ್ಳು ಹೇಳಿ ತಾನು ಪಟ್ಟದ್ದು ಸಾಕೆನಿಸಿತು ಫೆಸ್ಟಿಗೆ. ಟೋಪಿ ತೆಗೆದು ಎದ್ದು ನಿಂತ.

“ತೆಗೆದಿಲ್ಲ ಸಾರ್, ಇಟ್ಟಿದ್ದೇವೆ. ಅಲ್ಲಿ ನಮ್ಮ ಮಕ್ಕಳಿದ್ದಾರೆ. ಜ್ಞಾನಸ್ನಾನ ಆಗದವರು. ಒಂದು ನನ್ನದು.”

ಅಷ್ಟು ವರ್ಷದಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹ್ಯಾನ್ಲನ್ ನೆಲ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದು ದಾರದೊಳಗೆ ನಿಂತ. ಆಮೇಲೆ ಪುಸ್ತಕ ತೆಗೆದು, ಪೆನ್ಸಿಲಿನಿಂದ ಗುಪ್ಪೆಯ ನಕ್ಷೆಯ ಮೇಲೆ ಏನೋ ಗೀಚಿದ.

ಫೆಸ್ಟಿಯ ಸಂಶಯ ಇನ್ನೂ ಪೂರ್ತಿ ಸತ್ತಿರಲಿಲ್ಲ. “ಏನು ಬರೆದಿರಿ ಸಾರ್?”

“ಒರತೆ ಅಂತ ಬರೆದೆ” ಎಂದ ಹ್ಯಾನ್ಲನ್. “ಮೈಲ್ಸ್, ಆ ಗೂಟ ಇನ್ನೂ ಒಂದು ಗಜ ಒಳಗೆ ಹಾಕಿ.”

ದಾರದ ಒಂದು ತುದಿಯನ್ನು ಮೈಲ್ಸ್ ಹಿಡಿದ. ಇನ್ನೊಂದನ್ನು ಫೆಸ್ಟಿ ಹಿಡಿದ.

ಕೆಳಗಿಳಿದ ಫೆಸ್ಟಿ ಮನೆಗೆ ಹೋಗಲಿಲ್ಲ. ನೇರ ಇಗರ್ಜಿಯ ಅಂಗಳಕ್ಕೆ ಹೋದ. ಗುದ್ದಲಿ ಹೆಗಲ ಮೇಲೆಯೇ ಇತ್ತು, ಮಡಿಸಿದ ಕರವಸ್ತ್ರ ಜೇಬಿನಲ್ಲಿ. ಸಾಬಿನಾಳ ಸಮಾಧಿಯ ಮೇಲೆ ಹುಲ್ಲು ಈಗಷ್ಟೇ ಕೂಡಿಕೊಂಡಿತ್ತು. ಅದರ ಪಕ್ಕ ಮಂಡಿಯೂರಿ, ಬೆಳಗಿನ ಚಳಿಗೆ ಮರಗಟ್ಟಿದ ಕೈಯನ್ನು ಮಣ್ಣಿನ ಮೇಲಿಟ್ಟ.

“ಮರಿ ಹುಡುಕೋಕೆ ಹೋಗಿದ್ದೆ ಕಣೇ” ಎಂದ. “ಸಿಕ್ಕಿತು.”

ಮತ್ತೆ, ಅಪ್ಪ ಹೇಳಬೇಡವೆಂದಿದ್ದನ್ನೂ ಹೇಳಿದ: “ಮೂಡಣ ಮಗ್ಗುಲು. ಚಪ್ಪಟೆ ಕಲ್ಲು. ಪಕ್ಕದಲ್ಲೇ ಮೈಲ್ಸನವು ಎರಡಿವೆ.”